ಹೊಟ್ಟೆ ಸೀಳುವ ಮುನ್ನ

ಪ್ರೀತಿಯ ತಮ್ಮಾ,

ನಿನ್ನ ಕರಡು ಓದಿದೆ. ವಿಷಯ ಗಟ್ಟಿಯಾಗಿದೆ, ಕಾಗುಣಿತ ಕೈಕೊಟ್ಟಿದೆ. ಎಲ್ಲದಕ್ಕೂ ಕೆಂಪು ಗೆರೆ ಎಳೆದು ಕಳಿಸಿದರೆ ಈ ಕರಡೇನೋ ಸರಿಹೋದೀತು, ಮುಂದಿನದು ಮತ್ತೆ ಹೀಗೇ ಬಂದೀತು. ಅದಕ್ಕೇ ಯಾವ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂದು ಬರೆಯುತ್ತಿದ್ದೇನೆ.

ನನಗೆ ಹೆಚ್ಚು ಕಿರಿಕಿರಿಯಾಗುವುದು ಹೆದರಿಕೆಯಿಂದ ಹುಟ್ಟುವ ತಪ್ಪು. ಮಹಾಪ್ರಾಣ ಬಿಟ್ಟುಹೋದೀತೆಂದು ಕಂಡಕಂಡ ಅಕ್ಷರದ ಹೊಟ್ಟೆ ಸೀಳುವುದು. ‘ಭೋಧನೆ’, ‘ಧೀರ್ಘ’, ‘ಭಾಧೆ’, ‘ಜವಾಬ್ಧಾರಿ’ ಎಲ್ಲ ಈ ಜಾತಿಯವು. ಸಂಸ್ಕೃತದ ಒಂದೇ ಧಾತುವಿನೊಳಗೆ ಸಾಮಾನ್ಯವಾಗಿ ಎರಡು ಮಹಾಪ್ರಾಣ ಇರುವುದಿಲ್ಲ. ಬೋಧನೆ, ದೀರ್ಘ, ಬಾಧೆ, ದೃಢ: ಎಲ್ಲದರಲ್ಲೂ ಸೀಳು ಎರಡನೆಯದಕ್ಕೆ ಮಾತ್ರ. ‘ಭೇದ’ದಲ್ಲಿ ಅದು ಮೊದಲಿನದಕ್ಕಿದೆ, ಜನ ಸಾಗಿಸಿ ‘ಬೇಧ’ ಮಾಡುತ್ತಾರೆ. ‘ಅಭಿಧಾನ’ದಲ್ಲಿ ಎರಡಿವೆಯಲ್ಲ ಎನ್ನಬೇಡ, ಅಲ್ಲಿ ‘ಅಭಿ’ ಉಪಸರ್ಗ. ಒತ್ತಕ್ಷರದಲ್ಲೂ ಮೇಲಿನದು ಅಲ್ಪಪ್ರಾಣ, ಒತ್ತು ಮಹಾಪ್ರಾಣ: ಬುದ್ಧಿ, ಶುದ್ಧ, ಸ್ವಚ್ಛ. ‘ಉಚ್ಚ’ದಲ್ಲಿ ಮಹಾಪ್ರಾಣವೇ ಇಲ್ಲ. ಇನ್ನು ಜವಾಬ್ದಾರಿ ಪಾರಸಿಯ ಕಡೆಯಿಂದ ಬಂದದ್ದು, ಆ ಭಾಷೆಯಲ್ಲಿ ಧ ಎಂಬ ಅಕ್ಷರವೇ ಇಲ್ಲ.

ನಾಲಗೆಯ ತಪ್ಪುಗಳು ಕಡಿಮೆ, ಬಾಯಿಪಾಠ ಮಾಡಿದರೆ ಮುಗಿಯಿತು. ‘ಚಿನ್ಹೆ’, ‘ಮಧ್ಯಾನ್ಹ’ ಎಂದು ಉಚ್ಚರಿಸಿದರೂ ಬರೆಯುವುದು ಚಿಹ್ನೆ, ಮಧ್ಯಾಹ್ನ. ಹಕಾರದ ವಿಷಯದಲ್ಲಿ ಮಾತ್ರ ಎಚ್ಚರ: ಅತಿಥಿಗಳಿಗೆ ‘ಆದರದ ಸ್ವಾಗತ’ ಕೋರಲು ಹೋಗಿ ಒಂದು ಹ ಹೆಚ್ಚಾದರೆ ಮಾನ ಹೋಗುತ್ತದೆ.

ಬೆರಳಿನ ತಪ್ಪು ಬೇರೆಯದೇ ಕತೆ. ನುಡಿ ಕೀಲಿಮಣೆಯಲ್ಲಿ ಡಿ ಒತ್ತಿದರೆ ದ, ಶಿಫ್ಟ್ ಹಿಡಿದು ಒತ್ತಿದರೆ ಧ. ಶಿಫ್ಟ್ ಜಾರಿತೋ, ‘ಊಟದ ಮಧ್ಯ’ ಬರಬೇಕಾದಲ್ಲಿ ಮದ್ಯ ಬಂದು ಕೂರುತ್ತದೆ. ಮದ್ಯವೂ ನಿಘಂಟಿನಲ್ಲಿರುವ ಪದವೇ ಆದ್ದರಿಂದ ಕಾಗುಣಿತ ಪರೀಕ್ಷಕ ಅದನ್ನು ಸುಮ್ಮನೆ ಬಿಟ್ಟುಬಿಡಬಹುದು.

ಇದಕ್ಕಿಂತ ಕಳ್ಳ ತಪ್ಪು ಸೊನ್ನೆಯದು. ನಿನ್ನ ಕರಡಿನಲ್ಲಿ ‘ಬೆ೦ಗಳೂರು’ ಎಂದಿದೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಅಲ್ಲಿರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ೦. ಗಣಕಕ್ಕೆ ಇವೆರಡೂ ಬೇರೆ ಬೇರೆ ಅಕ್ಷರ. ‘ಬೆಂಗಳೂರು’ ಎಂದು ಹುಡುಕಿದರೆ ನಿನ್ನ ಆ ಸಾಲು ಸಿಗದೇ ಹೋಗಬಹುದು. ನುಡಿಯಲ್ಲಿ ಅನುಸ್ವಾರಕ್ಕೆ ಶಿಫ್ಟ್ ಹಿಡಿದು ಎಂ ಒತ್ತಬೇಕು. ಬರೆದು ಮುಗಿದ ಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ೦ ಹಾಕಿ ಒಂದೊಂದಾಗಿ ಬದಲಿಸು. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದರೆ ‘೨೦೨೪’ರಂಥ ಇಸವಿಗಳು ಕೆಟ್ಟುಹೋಗುತ್ತವೆ.

ಪದಗಳ ದುಂದಿಗೆ ಒಂದೇ ಉದಾಹರಣೆ ಸಾಕು: ‘ಸವಿನಯಪೂರ್ವಕ’. ‘ಸ’ ಎಂದರೂ ಕೂಡಿದ್ದು, ‘ಪೂರ್ವಕ’ ಎಂದರೂ ಕೂಡಿದ್ದು. ಸವಿನಯ ಅನ್ನು, ಇಲ್ಲವೇ ವಿನಯಪೂರ್ವಕ ಅನ್ನು.

ಬೇರೆಯವರನ್ನು ತಿದ್ದುವ ಚಪಲ ನಿನಗೂ ಇದೆ, ಗಮನಿಸಿದ್ದೇನೆ. ಧಾರವಾಡದವರ ‘ಮಾಡ್ಯಾನ’, ಕುಂದಾಪುರದವರ ‘ಹೋಯ್ಕ್’ ತಪ್ಪಲ್ಲ, ಅವು ಆ ಊರಿನ ಕನ್ನಡ. ಸಂಭಾಷಣೆಯಲ್ಲಿ ಕಂಡರೆ ಕೈಯಿಡಬೇಡ. ‘ಅವಶ್ಯಕ’ವೋ ‘ಆವಶ್ಯಕ’ವೋ ಎಂದು ಜಗಳಕ್ಕೂ ಹೋಗಬೇಡ. ಸಂಸ್ಕೃತದ ರೂಪ ಎರಡನೆಯದು, ಕನ್ನಡದಲ್ಲಿ ಮೊದಲಿನದೂ ಬೇರೂರಿದೆ. ಒಂದು ಬರಹದಲ್ಲಿ ಒಂದೇ ರೂಪ ಇರಲಿ, ಅಷ್ಟೆ. ಸಂಶಯ ಬಂದಾಗ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ತೆರೆ. ಫೇಸ್‌ಬುಕ್‌ನಲ್ಲಿ ಹೆಚ್ಚು ಜನ ಹೇಗೆ ಬರೆದಿದ್ದಾರೆಂದು ಎಣಿಸಬೇಡ.

ತಿದ್ದಿದ ಪ್ರತಿ ಕಳಿಸು.

ಇಂತಿ ನಿನ್ನ,
ಅಣ್ಣ