ಸೇನೆಯಿಂದ ಒಬ್ಬ ವ್ಯಕ್ತಿಯೆಡೆಗೆ

ಪ್ರಿಯ ಯುವ ಮಿತ್ರರಿಗೆ,

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮತ್ತು ಅದರ ಹಾದಿಯಲ್ಲಿ ಬಂದ ಆಟಗಳ ಚರಿತ್ರೆಯ ಬಗ್ಗೆ ನೀವು ಬರೆದ ಕರಡನ್ನು ನಿಧಾನವಾಗಿ ಓದಿದೆ. ಶ್ರಮ ಎದ್ದು ಕಾಣುತ್ತದೆ. ಆದರೆ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ಲೇಖನದ ಜೀವವಿರುವುದು ಅದಕ್ಕಿಂತ ಹಿಂದಿನ ಕೆಲವು ವರ್ಷಗಳಲ್ಲಿ.

1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಪ್ರಕಟಿಸಿದ ‘ಚೈನ್‌ಮೇಲ್’ ಮಧ್ಯಯುಗದ ಕಾಳಗಗಳನ್ನು ಬೊಂಬೆಗಳಿಂದ ಆಡುವ ನಿಯಮಪುಸ್ತಕ. ಅದರ ದೊಡ್ಡ ಕಾಳಗಗಳಲ್ಲಿ ಒಂದು ಬೊಂಬೆಯೆಂದರೆ ಇಪ್ಪತ್ತು ಸೈನಿಕರು. ಮಾಂತ್ರಿಕರು ಮತ್ತು ಡ್ರ್ಯಾಗನ್‌ಗಳು ಬರುವುದು ಅದಕ್ಕೆ ಸೇರಿಸಿದ ಒಂದು ಪೂರಕ ಭಾಗದಲ್ಲಿ. ಇತ್ತ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಗರಗಳ ಆಟಗಾರರ ಬಳಗದಲ್ಲಿ ಡೇವಿಡ್ ವೆಸ್ಲಿ ‘ಬ್ರೌನ್‌ಸ್ಟೈನ್’ ಎಂಬ ಆಟವನ್ನು ನಡೆಸಿ, ಸೇನೆಯ ಬದಲು ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಆಟಗಾರರಿಗೆ ಹಂಚಿದ್ದರು. ಅದೇ ಬಳಗದ ಆರ್ನೆಸನ್ ಮುಂದೆ ‘ಬ್ಲ್ಯಾಕ್‌ಮೂರ್’ ಎಂಬ ನಾಡನ್ನು ಕಲ್ಪಿಸಿ, ಕೋಟೆಯ ಕೆಳಗಿನ ನೆಲಮಾಳಿಗೆಗಳಿಗೆ ಆಟಗಾರರನ್ನು ಇಳಿಸಿ, ಅವರ ಪಾತ್ರಗಳು ಒಂದು ಕೂಟದಿಂದ ಇನ್ನೊಂದು ಕೂಟಕ್ಕೆ ಅನುಭವ ಗಳಿಸುತ್ತ ಬೆಳೆಯುವಂತೆ ಮಾಡಿದರು.

ಇಪ್ಪತ್ತು ಜನರಿದ್ದ ಕಡೆ ಒಬ್ಬನೇ ಬಂದು ನಿಂತ ಈ ಬದಲಾವಣೆಯನ್ನು ನಿಮ್ಮ ಲೇಖನದ ಕೇಂದ್ರದಲ್ಲಿಡಿ. ಒಂದೇ ಹೊಡೆತಕ್ಕೆ ತಮ್ಮ ಪಾತ್ರ ಸಾಯುವುದು ಆಟಗಾರರಿಗೆ ಸಹ್ಯವಾಗದಿದ್ದಾಗ, ಹಲವು ಹೊಡೆತ ತಾಳುವ ಹಡಗುಗಳ ಲೆಕ್ಕವನ್ನು ಆರ್ನೆಸನ್ ತಮ್ಮ ನೌಕಾಯುದ್ಧದ ನಿಯಮಗಳಿಂದ ಎರವಲು ಪಡೆದರು. ಇಂದು ಕೋಟ್ಯಂತರ ಜನರಿಗೆ ಪರಿಚಿತವಾದ ‘ಹಿಟ್ ಪಾಯಿಂಟ್’, ಅಂದರೆ ಒಂದು ಪಾತ್ರ ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕಿ, ಬಂದದ್ದು ಹೀಗೆ. ಶುಷ್ಕವೆನಿಸುವ ಒಂದು ಸಂಖ್ಯೆಯ ಹಿಂದೆ, ತಾವು ಕಲ್ಪಿಸಿಕೊಂಡ ಮನುಷ್ಯನನ್ನು ಕಳೆದುಕೊಳ್ಳಲಾರದ ಆಟಗಾರರ ಮಮತೆಯಿದೆ ಎಂಬುದು ನನಗೆ ಈ ಚರಿತ್ರೆಯ ಅತ್ಯಂತ ಸುಂದರ ಸಂಗತಿ. ನಿಯಮಗಳನ್ನು ಓದುವಾಗಲೆಲ್ಲ, ಇದು ಯಾರ ಯಾವ ಆಸೆಗೆ ಉತ್ತರವಾಗಿ ಹುಟ್ಟಿತೆಂದು ಕೇಳಿಕೊಳ್ಳಿ.

ಪ್ರಭಾವದ ಭಾಗವನ್ನೂ ಈ ಎಳೆಯಿಂದಲೇ ನೇಯಬಹುದು. 1981ರ ‘ವಿಜರ್ಡ್ರಿ’ಯಂಥ ಕಂಪ್ಯೂಟರ್ ಆಟಗಳು ಅಂಕಿಗಳನ್ನೂ ಲೆವೆಲ್‌ಗಳನ್ನೂ ಸುಲಭವಾಗಿ ತೆಗೆದುಕೊಂಡವು, ಆದರೆ ಆಟಗಾರ ಏನೇ ಹೇಳಿದರೂ ಕೇಳಿಸಿಕೊಂಡು ಕಥೆಯನ್ನು ಅತ್ತ ತಿರುಗಿಸುವ ಡಂಜನ್ ಮಾಸ್ಟರನ, ಅಂದರೆ ಆಟ ನಡೆಸುವವನ, ಸ್ವಾತಂತ್ರ್ಯ ಅವುಗಳಿಗೆ ದಕ್ಕಲಿಲ್ಲ. ಜಪಾನಿನಲ್ಲಿ ಬೇರೆಯೇ ಆಯಿತು. ಅಲ್ಲಿನ ‘ಕಾಂಪ್ಟಿಕ್’ ಪತ್ರಿಕೆ 1986ರಿಂದ ಈ ಆಟ ಆಡುವಾಗ ಮೇಜಿನ ಸುತ್ತ ನಡೆದ ಮಾತುಕತೆಯನ್ನೇ ಅಚ್ಚು ಮಾಡತೊಡಗಿತು. ಆ ಸಂಭಾಷಣೆಗಳಿಂದ ‘ರೆಕಾರ್ಡ್ ಆಫ್ ಲೊಡಾಸ್ ವಾರ್’ ಕಾದಂಬರಿಗಳು ಬೆಳೆದವು. ಬರಹಗಾರರಾದ ನೀವು ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಹಲವರು ಕೂಡಿ ಆಡಿದ ಮಾತು ಸಾಹಿತ್ಯವಾಗುವ ಕ್ರಿಯೆ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

1980ರ ದಶಕದ ಅಮೆರಿಕದಲ್ಲಿ ಈ ಆಟ ಸೈತಾನನ ಆರಾಧನೆಗೆ ದಾರಿಯೆಂದು ಹಬ್ಬಿದ ಭೀತಿಯನ್ನು ನೀವು ಲೇವಡಿ ಮಾಡಿದ್ದೀರಿ. ಆ ಸಾಲುಗಳನ್ನು ತೆಗೆಯಿರಿ. ಆರೋಪ ನಿರಾಧಾರವಾಗಿತ್ತು, ಹೆತ್ತವರ ಆತಂಕ ಮಾತ್ರ ನಿಜವಾದದ್ದು. ಮಕ್ಕಳು ಬೇರೊಬ್ಬರಾಗಿ ಮಾತನಾಡುವುದು ಅವರನ್ನೇಕೆ ಅಷ್ಟು ಹೆದರಿಸಿತೆಂದು ವಿಚಾರಿಸಿದರೆ, ಆಟದ ಶಕ್ತಿಯ ಬಗೆಗೇ ಹೊಸದೇನಾದರೂ ಹೊಳೆದೀತು.

ಆವೃತ್ತಿಗಳ ಪಟ್ಟಿ, ಕಂಪನಿಗಳ ಮಾರಾಟದ ವಿವರ ಒಂದು ಪ್ಯಾರಾದಲ್ಲಿ ಮುಗಿಯಲಿ. ತಿದ್ದುವ ಮುನ್ನ ಯಾವುದಾದರೂ ಆಟದ ಕೂಟದಲ್ಲಿ ಕುಳಿತು, ಆಟಗಾರರ ಒಪ್ಪಿಗೆ ಪಡೆದು ಒಂದು ಆಟದ ಮಾತುಗಳನ್ನು ಬರೆದುಕೊಳ್ಳಿ. ಹೊಸ ಕರಡಿನೊಂದಿಗೆ ಆ ಟಿಪ್ಪಣಿಗಳನ್ನೂ ಕಳುಹಿಸಿ.

ನಿಮ್ಮ ಹಿತೈಷಿ