ಫ್ಯಾನಿ ಯಾಕೆ ನಗ್ತಾಳೆ?

ಗೆಳೆಯಾ,

ನೀನು ಇಷ್ಟು ದಿನ ಪೀಡಿಸಿದ್ದಕ್ಕೆ ಕೊನೆಗೂ ನಿನ್ನೆ ರಾತ್ರಿ ಆರ್ಸನ್ ವೆಲ್ಸ್ ನಿರ್ದೇಶಿಸಿದ ಹಳೇ ಹಾಲಿವುಡ್ ಸಿನಿಮಾ ‘ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್’ ನೋಡಿದೆ. ಮುಗಿದಾಗ ಹನ್ನೆರಡು ಗಂಟೆ. ಆಗಲೇ ಫೋನ್ ಮಾಡಿ ಬೈಯೋಣ ಅನ್ನಿಸಿತು. ನಿನಗಲ್ಲ, ಆ ಕೊನೆ ಅಂಟಿಸಿದವರಿಗೆ.

ಅಲ್ಲಿವರೆಗೆ ಎಂಥಾ ಸಿನಿಮಾ ಮಾರಾಯ! ಇದನ್ನು ತೆಗೆಯುವಾಗ ವೆಲ್ಸ್‌ಗೆ ಬರೀ 26 ವರ್ಷ. ಆ್ಯಂಬರ್ಸನ್‌ರದ್ದು ಊರಿಗೇ ದೊಡ್ಡ ಮನೆತನ, ಕಾರುಗಳು ಬರುವ ಹೊತ್ತಿಗೆ ನೆಲ ಕಚ್ಚುತ್ತದೆ. ಆ ಬಾಯ್ಲರ್ ದೃಶ್ಯ ನೆನಪಿದೆಯಾ? ದುಡ್ಡೆಲ್ಲ ಕಳೆದುಕೊಂಡ ಫ್ಯಾನಿ ಅತ್ತೆ ಬಾಯ್ಲರ್‌ಗೆ ಒರಗಿ ಕುಸಿದು ಕೂರುತ್ತಾಳೆ. ಏಳು ಅಂತ ಆ ಮನೆಯ ಮೊಮ್ಮಗ ಜಾರ್ಜ್ ಗದರಿದರೆ, ಇದು ಬಿಸಿಯಿಲ್ಲ, ತಣ್ಣಗಿದೆ, ಸುಟ್ಟರೂ ನನಗೇನೂ ಅನ್ನಿಸಲ್ಲ ಅಂತಾಳೆ. ಫ್ಯಾನಿ ಪಾತ್ರದ ಆ್ಯಗ್ನೆಸ್ ಮೂರ್‌ಹೆಡ್ ಅಲ್ಲಿ ಅಳ್ತಾ ಇದ್ದಾಳೋ ನಗ್ತಾ ಇದ್ದಾಳೋ ಗೊತ್ತಾಗಲ್ಲ. ನಾನು ಹಿಂದೆ ಹೋಗಿ ಎರಡು ಸಲ ನೋಡಿದೆ.

ಆಮೇಲೆ ಅದೇ ಫ್ಯಾನಿ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಮುಗುಳ್ನಗ್ತಾಳೆ! ಜಾರ್ಜ್ ಜೊತೆ ರಾಜಿಯಾಗಿ ಹೊರಗೆ ಬಂದ ಯೂಜೀನ್, ಕೊನೆಗೂ ಜಾರ್ಜ್‌ನ ತಾಯಿ ಇಸಾಬೆಲ್ ಮೇಲಿನ ಪ್ರೀತಿಗೆ ನಿಷ್ಠನಾಗಿ ಉಳಿದೆ ಅಂತ ಹೇಳೋದು ಯಾರ ಹತ್ತಿರ? ಜೀವನವಿಡೀ ತನಗಾಗಿ ಆಸೆಪಟ್ಟು, ಬಾಯಿಬಿಡದೆ ಉಳಿದ ಈ ಹೆಂಗಸಿನ ಹತ್ತಿರ. ಅವಳೋ ಹಬ್ಬದೂಟ ಮುಗಿಸಿದವಳ ಹಾಗೆ ನಗ್ತಾಳೆ.

ಸುಖಾಂತದ ಮೇಲೆ ನನಗೆ ಸಿಟ್ಟಿಲ್ಲ. ಈ ಚಿತ್ರಕ್ಕೆ ಮೂಲವಾದ ಬೂತ್ ಟಾರ್ಕಿಂಗ್ಟನ್ ಕಾದಂಬರಿಯೂ ರಾಜಿಯಲ್ಲೇ ಮುಗಿಯುತ್ತದೆ. ಸಿಟ್ಟೆಲ್ಲ ಆ ನಗುವಿನ ಮೇಲೆ. ವೆಲ್ಸ್ ತೆಗೆದಿದ್ದ ಕೊನೆಯೇ ಬೇರೆ. ಹಳೇ ಬೋರ್ಡಿಂಗ್ ಹೌಸ್‌ನಲ್ಲಿ ಫ್ಯಾನಿ ತೂಗುಕುರ್ಚಿಯಲ್ಲಿ ಕೂತಿರುತ್ತಾಳೆ, ಯೂಜೀನ್ ನೋಡೋಕೆ ಬರ್ತಾನೆ, ಇಬ್ಬರಿಗೂ ಮಾತಾಡಲು ಏನೂ ಉಳಿದಿರಲ್ಲ. ಅಷ್ಟೇ.

1942ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಊರಲ್ಲಿ ಬಿಡುಗಡೆಗೆ ಮುಂಚಿನ ಪ್ರಿವ್ಯೂ ಇಟ್ಟರು, ಅದೂ ಹಾಡು-ಕುಣಿತದ ಕಾಮಿಡಿ ಚಿತ್ರವೊಂದು ಮುಗಿದ ಮೇಲೆ! ನಕ್ಕು ಹಗುರಾಗಿದ್ದ ಜನ ಫ್ಯಾನಿ ಅಳುವನ್ನೂ ನೋಡಿ ನಕ್ಕರು. ಚಿತ್ರ ತಯಾರಿಸಿದ ಆರ್‌ಕೆಓ ಸ್ಟುಡಿಯೋ ಗಾಬರಿಬಿದ್ದಿತು. ವೆಲ್ಸ್ ಆಗ ಇನ್ನೊಂದು ಚಿತ್ರಕ್ಕಾಗಿ ಬ್ರೆಜಿಲ್‌ನಲ್ಲಿದ್ದ. ತಂತಿ ಕಳಿಸಿ ಕಳಿಸಿ ಸಾಕಾಯಿತು, ಕೇಳುವವರಿಲ್ಲ. 131 ನಿಮಿಷದ್ದು 88ಕ್ಕೆ ಇಳಿಯಿತು, ಕೊನೆಯನ್ನೂ ಬೇರೆಯವರಿಂದ ತೆಗೆಸಿ ಅಂಟಿಸಿದರು. ಕತ್ತರಿಸಿದ್ದನ್ನು ಇಟ್ಟಾದರೂ ಇದ್ದರಾ? ಅದೂ ಇಲ್ಲ, ನಾಶ ಮಾಡಿದರು.

ತನ್ನ ಸಂಗೀತವನ್ನೂ ಕತ್ತರಿಸಿದ್ದಕ್ಕೆ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಚಿತ್ರದಿಂದ ತನ್ನ ಹೆಸರೇ ತೆಗೆಸಿಬಿಟ್ಟ. ಒಳ್ಳೇದು ಮಾಡಿದ. ಆದರೆ ವೆಲ್ಸ್‌ಗೆ ಅದೂ ಆಗಲಿಲ್ಲ ನೋಡು. ಕೊನೆಯಲ್ಲಿ ಪರದೆ ಮೇಲೆ ಹೆಸರು ಬರಲ್ಲ, ಅವನೇ ಒಬ್ಬೊಬ್ಬರ ಹೆಸರು ಹೇಳ್ತಾನೆ. ಕಡೆಗೆ ಒಂದು ಮೈಕ್ ಕಾಣುತ್ತದೆ. ಬರೆದು ನಿರ್ದೇಶಿಸಿದವನು ನಾನು, ನನ್ನ ಹೆಸರು ಆರ್ಸನ್ ವೆಲ್ಸ್ ಅಂತಾನೆ. ಮೈಕ್ ಮೆಲ್ಲಗೆ ಮೇಲೆ ಹೋಗುತ್ತದೆ. ಅದಕ್ಕೆ ಸ್ವಲ್ಪವೇ ಮುಂಚೆ ನಾವು ನೋಡಿದ ಆ ಕಾರಿಡಾರ್ ಅವನು ತೆಗೆದದ್ದೇ ಅಲ್ಲ.

ನೀನು ನೋಡುವಾಗ ಫ್ಯಾನಿ ಮುಖ ಗಮನಿಸಿದ್ದೆಯಾ? ಬರೆ.

ನಿನ್ನ ಗೆಳೆಯ