ಕಾಳಜಿಯ ಹೆಸರಿನ ಬೀಗ

ಮಾನ್ಯ ಸಂಪಾದಕರೇ,

ಹೆಣ್ಣುಮಕ್ಕಳ ಸುರಕ್ಷತೆಯ ಮಾತು ಬಂದಾಗಲೆಲ್ಲ ಪುರುಷಪ್ರಧಾನ ವ್ಯವಸ್ಥೆಯನ್ನೂ ಪೋಷಕ ಧೋರಣೆಯನ್ನೂ ಒಂದೇ ಎಂಬಂತೆ ಚರ್ಚಿಸಲಾಗುತ್ತಿದೆ. ಆಸ್ತಿ, ಅಧಿಕಾರ, ಮನೆತನದ ಹೆಸರು ಗಂಡಿನ ಕೈಯಲ್ಲೇ ಇರಬೇಕೆಂಬ ಕಟ್ಟುಪಾಡು ಮೊದಲನೆಯದು. ವಯಸ್ಸಿಗೆ ಬಂದವರ ಒಳಿತನ್ನು ಅವರನ್ನು ಕೇಳದೆ ಬೇರೆಯವರೇ ತೀರ್ಮಾನಿಸುವುದು ಎರಡನೆಯದು.

ಅರಿಶಿನ–ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ಅಲ್ಲಿ ಕಾಳಜಿಯ ಸೋಗೂ ಇರುವುದಿಲ್ಲ. ಅದು ನೇರವಾದ ಪುರುಷಪ್ರಧಾನತೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಕರ್ನಾಟಕವೂ 2005ರಲ್ಲಿ ಸಂಸತ್ತೂ ತಿದ್ದುಪಡಿ ತಂದಿರುವುದರಿಂದ, ಹೀಗೆ ಸಹಿ ಹಾಕಿಸಿಕೊಂಡದ್ದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಬಹುದು. ಹೆಲ್ಮೆಟ್ ಕಡ್ಡಾಯ ಪೋಷಕ ಧೋರಣೆಯೇ ಆದರೂ ಅದು ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ.

ಇವೆರಡೂ ಬೆರೆತಲ್ಲಿ ಗುರುತಿಸುವುದು ಕಷ್ಟ. ನನ್ನ ತಂಗಿಯ ಮಗಳು ಈ ನಗರದ ಪಿ.ಜಿ. ಒಂದರಲ್ಲಿದ್ದಳು. ಎರಡನೇ ಪಾಳಿ ಮುಗಿಸಿ ರಾತ್ರಿ 10.40ಕ್ಕೆ ಬಂದರೆ ಗೇಟಿಗೆ ಬೀಗ. ಅರ್ಧ ಗಂಟೆ ಬೀದಿದೀಪದ ಕೆಳಗೆ ನಿಂತು, ಒಳಗೆ ಹೋದ ಮೇಲೆ ಪುಸ್ತಕದಲ್ಲಿ 'ತಡವಾದ ಕಾರಣ' ಬರೆಯಬೇಕಾಯಿತು. ಅದೇ ಮಾಲೀಕರ ಗಂಡಸರ ಪಿ.ಜಿ. ಎದುರು ಸಾಲಿನಲ್ಲೇ ಇದೆ. ಅದರ ಗೇಟಿಗೆ ಬೀಗವಿಲ್ಲ. ಮಾಲೀಕರು ಹೆಂಗಸು, ಕೆಟ್ಟವರೇನಲ್ಲ. ಹುಡುಗಿಗೆ ಜ್ವರ ಬಂದಾಗ ತಾವೇ ಗಂಜಿ ಕಾಯಿಸಿ ಕೊಟ್ಟವರು. 'ನನ್ನ ಮಗಳಾಗಿದ್ದರೂ ಹೀಗೇ ಮಾಡುತ್ತಿದ್ದೆ' ಎಂಬ ಅವರ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಆಕೆಯ ರಕ್ಷಣೆಗೆಂದು ಹಾಕಿದ ಬೀಗವೇ ಆಕೆಯನ್ನು ಆ ಹೊತ್ತಿನಲ್ಲಿ ಬೀದಿಯಲ್ಲಿ ನಿಲ್ಲಿಸಿತಲ್ಲ!

ಮದ್ಯ ಪೂರೈಸುವ ಜಾಗಗಳಲ್ಲಿ ಮಹಿಳೆಯರು ದುಡಿಯದಂತೆ ತಡೆದಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಸೆಕ್ಷನ್ನನ್ನು ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಒಪ್ಪಲಿಲ್ಲ. ಹೆಣ್ಣಿನ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕುವ ಬದಲು ಆಕೆಯನ್ನು ಸಬಲಗೊಳಿಸುವುದೇ ಸರಿಯಾದ ದಾರಿ ಎಂಬುದು ಆ ತೀರ್ಪಿನ ತಿರುಳು. ಅದು ಸರ್ಕಾರದ ಕಾನೂನಾಗಿದ್ದರಿಂದ ಪ್ರಶ್ನಿಸಲು ಸಾಧ್ಯವಾಯಿತು; ಗಂಜಿ ಕಾಯಿಸಿ ಕೊಟ್ಟವರ ಬೀಗವನ್ನು ಪ್ರಶ್ನಿಸಲು ಹುಡುಗಿಗೆ ಬಾಯಿಯೇ ಬರಲಿಲ್ಲ.

ಆದ್ದರಿಂದ ಪಿ.ಜಿ.ಗಳಿಗೆ ಪರವಾನಗಿ ನೀಡುವ ನಗರಾಡಳಿತವು ಗೇಟಿನ ಸಮಯ ಗಂಡಸರಿಗೂ ಹೆಂಗಸರಿಗೂ ಒಂದೇ ಇರಬೇಕೆಂದೂ, ರಾತ್ರಿಪಾಳಿಯವರಿಗೆ ಬಾಗಿಲು ತೆರೆಯಲು ಕಾವಲುಗಾರರಿರಬೇಕೆಂದೂ ಷರತ್ತು ವಿಧಿಸಬೇಕೆಂದು ಕೋರುತ್ತೇನೆ.

— ಓದುಗ, ವಿಜಯನಗರ, ಬೆಂಗಳೂರು